ಟ್ರೆಡ್‌ಮಿಲ್ಲಿನ ಮೇಲೆ ಹೃದಯದ ಪರೀಕ್ಷೆ

"ಇಸಿಜಿ ಸರಿಯಾಗಿದೆ. ಆದರೂ ಡಾಕ್ಟರು ಟಿಎಂಟಿ ಮಾಡಿಸಿ ಅನ್ನುತ್ತಾರೆ, ಯಾಕೆ?" ಇದು ಹಲವರ ಪ್ರಶ್ನೆ.

ಮಲಗಿಸಿ ತೆಗೆಯುವ ಇಸಿಜಿ ವಿಶ್ರಾಂತಿಯಲ್ಲಿರುವ ಹೃದಯವನ್ನು ತೋರಿಸುತ್ತದೆ. ಆಗ ಅದು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತಿರುತ್ತದೆ. ಆರೋಗ್ಯವಂತ ಯುವಕ ಜೋರಾಗಿ ಓಡಿದಾಗ ಇದು 20 ಲೀಟರಿಗೂ ಏರಬಲ್ಲದು. ಆಗ ಹೃದಯದ ಸ್ನಾಯುವಿಗೂ ಹೆಚ್ಚು ರಕ್ತ ಬೇಕು. ಅದಕ್ಕೆ ರಕ್ತ ಒದಗಿಸುವ ನಾಳ ಕಿರಿದಾಗಿದ್ದರೆ, ಕುಳಿತಿದ್ದಾಗ ಸಾಲುವ ರಕ್ತ ಲೋಕಲ್ ರೈಲು ಹಿಡಿಯಲು ಮೆಟ್ಟಿಲು ಹತ್ತುವಾಗ ಸಾಲದು. ಈ ಕೊರತೆಯನ್ನು ಪತ್ತೆ ಮಾಡುವುದೇ ಟಿಎಂಟಿಯ ಕೆಲಸ.

ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಸಿಯಾಟಲ್‌ನ ಡಾ. ರಾಬರ್ಟ್ ಬ್ರೂಸ್ ಅವರ ವಿಧಾನ. ಆರೋಗ್ಯವಂತರನ್ನೂ ಹೃದ್ರೋಗಿಗಳನ್ನೂ ಪರೀಕ್ಷಿಸುವ ಈ ಕ್ರಮವನ್ನು ಅವರು ಸಂಗಡಿಗರೊಂದಿಗೆ 1963ರಲ್ಲಿ ಪ್ರಕಟಿಸಿದರು. ನಡಿಗೆ ಗಂಟೆಗೆ 2.7 ಕಿಲೋಮೀಟರ್ ವೇಗದಲ್ಲಿ, ಶೇಕಡಾ 10ರ ಏರಿನಲ್ಲಿ ಆರಂಭ. ಪ್ರತಿ 3 ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತವೆ. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಹೃದಯಬಡಿತದ ಅಂದಾಜು ಸಿಗುತ್ತದೆ. 50 ವರ್ಷದವರಿಗೆ 170. ಸಾಮಾನ್ಯವಾಗಿ ಇದರ ಶೇಕಡಾ 85ನ್ನಾದರೂ, ಅಂದರೆ ಸುಮಾರು 145ನ್ನು ಮುಟ್ಟಬೇಕು.

ಆರೋಗ್ಯವಂತರಲ್ಲಿ ನಡಿಗೆ ಬಿರುಸಾದಂತೆ ಬಡಿತವೂ ಮೇಲಿನ ರಕ್ತದೊತ್ತಡವೂ ಏರುತ್ತವೆ. ನಿಂತೊಡನೆ ಬಡಿತ ಬೇಗ ಇಳಿಯುತ್ತದೆ. ಎದೆ ಬಿಗಿದರೆ, ಇಸಿಜಿ ಗೆರೆ ಕುಸಿದರೆ, ಏರಬೇಕಾದ ರಕ್ತದೊತ್ತಡ ಇಳಿದರೆ ಅದು ಎಚ್ಚರಿಕೆಯ ಸೂಚನೆ. ಹೃದಯಾಘಾತದಿಂದ ಚೇತರಿಸಿಕೊಂಡವರಿಗೆ ಎಷ್ಟು ನಡೆಯಬಹುದು, ಯಾವ ಕೆಲಸ ಮಾಡಬಹುದು ಎಂದು ನಿರ್ಧರಿಸಲೂ ಈ ಪರೀಕ್ಷೆ ನೆರವಾಗುತ್ತದೆ.

ಪರೀಕ್ಷೆಗೆ ಮುನ್ನ ಹೊಟ್ಟೆ ತುಂಬ ಊಟ ಬೇಡ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆಗಳು ಬಡಿತವನ್ನು ತಗ್ಗಿಸುತ್ತವೆ. ಅವನ್ನು ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಕೊನೆಯದಾಗಿ ಒಂದು ಮುಖ್ಯ ಮಾತು. ಟಿಎಂಟಿ ವರದಿ ಚೆನ್ನಾಗಿ ಬಂತೆಂದರೆ ಹೃದಯಾಘಾತ ಆಗುವುದೇ ಇಲ್ಲ ಎಂದಲ್ಲ. ನಾಳವನ್ನು ಅಷ್ಟಾಗಿ ಕಿರಿದು ಮಾಡದ ಕೊಬ್ಬಿನ ಪದರವೂ ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಬಹುದು. ಇದನ್ನು ಟ್ರೆಡ್‌ಮಿಲ್ ಮುಂಚಿತವಾಗಿ ಹೇಳಲಾರದು. ಆದ್ದರಿಂದ ಸುಮ್ಮನೆ ಕುಳಿತಿದ್ದಾಗ ಎದೆ ಹಿಂಡಿದಂತಾದರೆ, ನೋವು ಎಡಗೈಗೋ ದವಡೆಗೋ ಹರಿದರೆ, ಬೆವರು ಬಂದರೆ, ಹಳೆಯ ವರದಿಯನ್ನು ನಂಬಿ ಗ್ಯಾಸ್ ಮಾತ್ರೆ ನುಂಗಿ ಮಲಗಬೇಡಿ. ಟಿಎಂಟಿಗೆ ಹೆಸರು ಬರೆಸುವ ಸಮಯವೂ ಅದಲ್ಲ. ತಕ್ಷಣ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.