ಗಾಯಕ್ಕೆ ದಾಖಲೆ ಉಂಟು, ಹೊಗೆಗೆ ಇಲ್ಲ



2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತರು. ಅಲ್ಲಿ ಬೆಂಕಿಗಿಂತ ಹೊಗೆಯೇ ದೊಡ್ಡ ಶತ್ರುವಾಗಿತ್ತು. ವಿದ್ಯುತ್ ತಂತಿ ಹಾಯುವ ಡಕ್ಟಿನಿಂದ ಎದ್ದ ಹೊಗೆ ಮೇಲಿನ ಮಹಡಿಗಳನ್ನು ತುಂಬಿಕೊಂಡಿತು. ಉಸಿರುಕಟ್ಟಿದವರು ಕಿಟಕಿ ಒಡೆದು ಕೆಳಕ್ಕೆ ಹಾರಿದರು. ಎರಡು ವರ್ಷಗಳ ಬಳಿಕ, 2012ರ ಫೆಬ್ರುವರಿಯಲ್ಲಿ, ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಬೆಂಕಿ ಬಿತ್ತು. 1927ರ ಆ ಹಳೆಯ ಕಟ್ಟಡದೊಳಗೆ ಸಾಲುಸಾಲು ಮಳಿಗೆಗಳು ಸುಟ್ಟವು.

ಸತ್ತವರ ಲೆಕ್ಕ ಸಿಕ್ಕಿತು, ಸುಟ್ಟ ಅಂಗಡಿಗಳ ಲೆಕ್ಕವೂ ಸಿಕ್ಕಿತು. ಆದರೆ ಇಂಥ ಕಟ್ಟಡಗಳೊಳಗೆ ನುಗ್ಗಿ ಹೊರಬಂದ ಅಗ್ನಿಶಾಮಕರ ಶ್ವಾಸಕೋಶದಲ್ಲಿ ಎಷ್ಟು ಹೊಗೆ ಉಳಿಯಿತು ಎಂಬುದನ್ನು ಯಾರ ಸೇವಾ ಪುಸ್ತಕದಲ್ಲಿ ಹುಡುಕಬೇಕು? ಈ ವಿಚಾರ ಸಂಕಿರಣದ ಆಶಯವೆಲ್ಲ ಈ ಪ್ರಶ್ನೆಯಲ್ಲಿದೆ.

ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ಕೇಂದ್ರ ಕಚೇರಿ ಹಲಸೂರು ಕೆರೆಯ ಪಕ್ಕದ ಅಣ್ಣಾಸ್ವಾಮಿ ಮೊದಲಿಯಾರ್ ರಸ್ತೆಯಲ್ಲಿದೆ. 1964ರ ಅಗ್ನಿಶಾಮಕ ದಳ ಅಧಿನಿಯಮದ ಅಡಿ ನಡೆದುಬಂದ ಈ ದಳದ ಕೆಲಸ ಈಗ ಬೆಂಕಿ ನಂದಿಸುವುದಕ್ಕಷ್ಟೇ ನಿಂತಿಲ್ಲ. 2024ರ ಅಕ್ಟೋಬರ್ 22ರಂದು ಕೆ.ಆರ್. ಪುರದ ಕಡೆಯ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದಾಗ, ಮಳೆಯ ನಡುವೆ ಅವಶೇಷಗಳಡಿ ಸಿಕ್ಕವರನ್ನು ಹುಡುಕಿದವರಲ್ಲಿ ಇವರೂ ಇದ್ದರು. ಬೆನ್ನುಮೂಳೆ, ಮೊಣಕಾಲು, ಕಣ್ಣು, ಎದೆ, ಈ ಕೆಲಸಕ್ಕೆ ಒತ್ತೆ ಇಡದ ಅಂಗವೇ ಇಲ್ಲ.

ಕಣ್ಣಿಗೆ ಕಾಣುವ ಗಾಯದ ಮಟ್ಟಿಗೆ ಕಾನೂನು ಸಾಕಷ್ಟು ಸ್ಪಷ್ಟವಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 20(4)ನೇ ಪ್ರಕರಣದ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರನನ್ನು ಸರ್ಕಾರ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಳೆಯ ಹುದ್ದೆಗೆ ಆಗದಿದ್ದರೆ ಅದೇ ವೇತನ ಶ್ರೇಣಿ, ಅದೇ ಸೇವಾ ಸೌಲಭ್ಯಗಳ ಇನ್ನೊಂದು ಹುದ್ದೆ ಕೊಡಬೇಕು. ಅದೂ ಇಲ್ಲದಿದ್ದರೆ, ತಕ್ಕ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯೊಂದನ್ನು ಸೃಷ್ಟಿಸಿ ಅದರಲ್ಲಿ ಇಟ್ಟುಕೊಳ್ಳಬೇಕು. ಕೆಲ ಬಗೆಯ ಕೆಲಸಗಳಿಗೆ ಅಧಿಸೂಚನೆ ಹೊರಡಿಸಿ ವಿನಾಯಿತಿ ನೀಡಲು ಸರ್ಕಾರಕ್ಕೆ ಅವಕಾಶವಿದೆ. ಆ ವಿನಾಯಿತಿಯನ್ನು ಅಗ್ನಿಶಾಮಕರ ವಿರುದ್ಧ ಎಂದೂ ಬಳಸಬಾರದು.

ಇಲ್ಲಿ ಕುನಾಲ್ ಸಿಂಗ್ ಪ್ರಕರಣವನ್ನು ನೆನೆಯಲೇಬೇಕು. ಅರೆಸೇನಾ ದಳವೊಂದರ ಆ ಕಾನ್‌ಸ್ಟೆಬಲ್ ಕರ್ತವ್ಯದಲ್ಲಿದ್ದಾಗ ಎಡಗಾಲಿಗೆ ಪೆಟ್ಟು ಮಾಡಿಕೊಂಡರು. ಕೊನೆಗೆ ಕಾಲನ್ನು ಕತ್ತರಿಸಬೇಕಾಯಿತು. ವೈದ್ಯಕೀಯ ಮಂಡಳಿ ಅಸಮರ್ಥನೆಂದಿತು, ಇಲಾಖೆ ಮನೆಗೆ ಕಳುಹಿಸಿತು. ಅಶಕ್ತತಾ ಪಿಂಚಣಿ ಸಿಗುತ್ತಿದೆಯಲ್ಲ, ಇನ್ನೇನು ಬೇಕು ಎಂಬುದು ಸರ್ಕಾರದ ವಾದ. 2003ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಪಿಂಚಣಿ ಬರುತ್ತದೆ ಎಂಬ ಕಾರಣಕ್ಕೆ ಕೆಲಸದ ಹಕ್ಕನ್ನು ಕಸಿಯಲಾಗದು ಎಂದು ತೀರ್ಪಿತ್ತಿತು. ಆಗ ಜಾರಿಯಲ್ಲಿದ್ದದ್ದು 1995ರ ಕಾಯ್ದೆ. ಅದರ 47ನೇ ಪ್ರಕರಣದ ತಿರುಳೇ ಇಂದಿನ 20(4)ರಲ್ಲಿದೆ. ಕೈ ಸುಟ್ಟುಕೊಂಡ ಅಗ್ನಿಶಾಮಕ ಕಂಟ್ರೋಲ್ ರೂಮಿನಲ್ಲಿ ಕರೆ ಸ್ವೀಕರಿಸಬಲ್ಲ, ತರಬೇತಿ ಕೊಡಬಲ್ಲ, ಕಟ್ಟಡಗಳ ಸುರಕ್ಷತಾ ತಪಾಸಣೆ ಮಾಡಬಲ್ಲ. ಅವನ ಅನುಭವವನ್ನು ಮನೆಗೆ ಕಳುಹಿಸುವುದು ನಗರಕ್ಕೇ ನಷ್ಟ.

ಕಷ್ಟ ಇರುವುದು ಹೊಗೆಯಲ್ಲಿ.

ಕರ್ತವ್ಯದಿಂದಲೇ ಬಂದ ಅಂಗವೈಕಲ್ಯಕ್ಕೆ ಅಸಾಧಾರಣ ಪಿಂಚಣಿ ಎಂಬ ಏರ್ಪಾಡು ನಮ್ಮ ಸೇವಾ ನಿಯಮಗಳಲ್ಲಿ ಬಹುಕಾಲದಿಂದ ಇದೆ. ಆದರೆ ಕರ್ತವ್ಯಕ್ಕೂ ಕಾಯಿಲೆಗೂ ಇರುವ ನಂಟನ್ನು ಕಾಗದದ ಮೇಲೆ ತೋರಿಸಬೇಕು. ಏಣಿಯಿಂದ ಬಿದ್ದವನಿಗೆ ತಾರೀಖಿದೆ, ಆಸ್ಪತ್ರೆಯ ಚೀಟಿಯಿದೆ. ಇಪ್ಪತ್ತು ವರ್ಷ ಗೋದಾಮುಗಳ ಪ್ಲಾಸ್ಟಿಕ್ ಹೊಗೆ ಕುಡಿದು, ಐವತ್ತೈದರಲ್ಲಿ ಮೂತ್ರಕೋಶದ ಕ್ಯಾನ್ಸರ್ ಬಂದವನು ಯಾವ ತಾರೀಖು ತೋರಿಸಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಮೀಸೊಥೀಲಿಯೋಮ ಮತ್ತು ಮೂತ್ರಕೋಶದ ಕ್ಯಾನ್ಸರಿಗೆ ಸಾಕಷ್ಟು ಪುರಾವೆ ಇದೆ ಎಂದಿತು. ಹೃದಯದ ಕಥೆಯೂ ಹಾಗೆಯೇ. ಅಮೆರಿಕದಲ್ಲಿ ಕರ್ತವ್ಯದಲ್ಲಿದ್ದಾಗ ಸಾಯುವ ಅಗ್ನಿಶಾಮಕರಲ್ಲಿ ಶೇ 45ರಷ್ಟು ಮಂದಿ ಹೃದ್ರೋಗದಿಂದ ಸಾಯುತ್ತಾರೆ ಎಂದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯ 2002ರಲ್ಲೇ ಪುರಾವೆಯ ಹೊರೆಯನ್ನು ತಿರುಗಿಸಿತು. ನಿಗದಿತ ವರ್ಷ ಸೇವೆ ಸಲ್ಲಿಸಿದವರಿಗೆ ಪಟ್ಟಿಯಲ್ಲಿರುವ ಕ್ಯಾನ್ಸರ್ ಬಂದರೆ ಅದು ವೃತ್ತಿಯಿಂದಲೇ ಬಂದದ್ದೆಂದು ಕಾನೂನು ಮೊದಲೇ ಭಾವಿಸುತ್ತದೆ. ಅಲ್ಲವೆನ್ನುವವರು ಸಾಧಿಸಿ ತೋರಿಸಬೇಕು. ನಮಗೂ ಬೇಕಾಗಿರುವುದು ಇದೇ. ಇದು ನಮಗೆ ಪೂರ್ತಿ ಹೊಸ ದಾರಿಯೇನೂ ಆಗದು. 1923ರ ಕಾರ್ಮಿಕರ ಪರಿಹಾರ ಕಾಯ್ದೆಯೇ ಅಗ್ನಿಶಾಮಕ ದಳದ ಕೆಲಸವನ್ನು ತನ್ನ ಅನುಸೂಚಿಯಲ್ಲಿ ಹೆಸರಿಸಿತ್ತು, ಪಟ್ಟಿ ಮಾಡಿದ ಕೆಲ ವೃತ್ತಿರೋಗಗಳನ್ನು ಕೆಲಸದಿಂದಾದ ಗಾಯವೆಂದೇ ಎಣಿಸಿತ್ತು.

2006ರ ಏಪ್ರಿಲ್ 1ರಿಂದ ರಾಜ್ಯ ಸೇವೆಗೆ ಸೇರಿದವರ ಪಾಡು ಇನ್ನೂ ನಾಜೂಕು. ಅವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಸೇರಿದವರು. ಅಲ್ಲಿ ಕೈಗೆ ಬರುವುದು ಕೂಡಿಬಿದ್ದ ಹಣಕ್ಕೆ ತಕ್ಕಷ್ಟು. ಸೇವೆಯ ಎಂಟನೇ ವರ್ಷದಲ್ಲಿ ಅಂಗವಿಕಲನಾದ ಯುವಕನ ಖಾತೆಯಲ್ಲಿ ಎಷ್ಟು ಕೂಡಿರುತ್ತದೆ? ಕೇಂದ್ರ ಸರ್ಕಾರ 2021ರ ನಿಯಮಗಳಲ್ಲಿ ತನ್ನ ನೌಕರರಿಗೆ ಆಯ್ಕೆ ಕೊಟ್ಟಿದೆ: ಸೇವೆಯಲ್ಲಿ ಮೃತಪಟ್ಟರೆ ಅಥವಾ ಅಸಮರ್ಥರಾದರೆ ಹಳೆಯ ಪಿಂಚಣಿ ನಿಯಮಗಳ ಸೌಲಭ್ಯವನ್ನೇ ಪಡೆಯಬಹುದು. ಬೆಂಕಿಯೊಳಗೆ ಹೋಗುವವರಿಗೆ ಅಂಥ ಹಕ್ಕು ಅನುಮಾನಕ್ಕೆಡೆಯಿಲ್ಲದ ಮಾತುಗಳಲ್ಲಿ ಬರೆದಿರಬೇಕು.

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕರನ್ನು ಪ್ರತಿವರ್ಷ ಅಗ್ನಿಶಾಮಕ ದಿನದಂದು ಗೌರವಿಸುತ್ತೇವೆ. ಬದುಕುಳಿದು ಕೆಮ್ಮುತ್ತಿರುವವರಿಗೂ ಅದೇ ಗೌರವ ಸಲ್ಲಬೇಕು. ಆದ್ದರಿಂದ ಇಲ್ಲಿ ಸೇರಿರುವ ಕಾನೂನು ತಜ್ಞರಲ್ಲಿ, ವೈದ್ಯರಲ್ಲಿ ಒಂದು ಕೋರಿಕೆ. ಪ್ರತಿ ಕರೆಯಲ್ಲೂ ಯಾರು ಒಳಗೆ ಹೋದರು, ಏನು ಉರಿಯುತ್ತಿತ್ತು, ಎಷ್ಟು ಹೊತ್ತು ಹೊಗೆಯಲ್ಲಿದ್ದರು, ಉಸಿರಾಟದ ಸಾಧನ ಮುಖದ ಮೇಲಿತ್ತೇ ಎಂಬುದನ್ನು ಸೇವಾ ಪುಸ್ತಕಕ್ಕೆ ಏರಿಸುವ ನಮೂನೆಯೊಂದನ್ನು ಸಿದ್ಧಪಡಿಸಿ. ಕ್ಯಾನ್ಸರ್, ಹೃದ್ರೋಗ, ಶ್ವಾಸಕೋಶದ ಕಾಯಿಲೆಗಳ ಪುರಾವೆಯ ಹೊರೆಯನ್ನು ರೋಗಿಯ ಹೆಗಲಿನಿಂದ ಇಳಿಸುವ ತಿದ್ದುಪಡಿಯ ಕರಡನ್ನು ಜೊತೆಗಿಡಿ. ಸಂಕಿರಣ ಮುಗಿಯುವ ಮೊದಲು ಎರಡನ್ನೂ ಒಳಾಡಳಿತ ಮತ್ತು ಆರ್ಥಿಕ ಇಲಾಖೆಗಳಿಗೆ ಕಳುಹಿಸಿಕೊಡಿ.