ಗಾಳದ ಎರೆ, ಕೆರೆಯ ಲೆಕ್ಕ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಮೀನುಗಾರರ ಸಹಕಾರ ಸಂಘ ಇಪ್ಪತ್ತೈದು ವರ್ಷ ಪೂರೈಸಿದ ಈ ಸಂತೋಷದ ಹೊತ್ತಿನಲ್ಲಿ ನನಗೂ ನಾಲ್ಕು ಮಾತಾಡಲು ಅವಕಾಶ ಕೊಟ್ಟಿದ್ದೀರಿ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪ ನಮ್ಮಂಥ ಸಣ್ಣ ಊರಿನ ಕೆರೆ ಏರಿಯವರೆಗೂ ಬಂದಿದೆ ಅನ್ನೋದೇ ಹೆಮ್ಮೆಯ ವಿಷಯ.

ಕಾರ್ಯದರ್ಶಿಗಳು ನನಗೆ ಕೊಟ್ಟಿರುವ ವಿಷಯ 'ಗಾಳ ಹಾಕುವ ವಿಧಾನಗಳು'. ಈ ವಿಷಯ ಯಾಕೆ ಬಂತು ಅಂತ ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. ಹೋದ ಸಲದ ಮಹಾಸಭೆಯಲ್ಲಿ ಜಗಳವೇ ಆಗಿತ್ತು. ಕೆರೆ ಗುತ್ತಿಗೆ ಹಣ ಕಟ್ಟಿ, ಮರಿ ತಂದು ಬಿಟ್ಟವರು ನಾವು. ಗಾಳ ಹಿಡಿದು ಕೂತವರೆಲ್ಲ ಸಂಘದ ಮೀನು ಕದಿಯುತ್ತಿದ್ದಾರೆ, ಗಾಳವನ್ನೇ ನಿಷೇಧ ಮಾಡಿ ಅಂತ ಒಂದು ಕಡೆಯವರು. ನಮ್ಮ ತಾತನ ಕಾಲದಿಂದ ಈ ಕೆರೆಯಲ್ಲಿ ಗಾಳ ಹಾಕಿದ್ದೇವೆ, ಈಗ ಯಾರನ್ನ ಕೇಳಬೇಕು ಅಂತ ಇನ್ನೊಂದು ಕಡೆಯವರು. ಇಬ್ಬರ ಮಾತಿನಲ್ಲೂ ನ್ಯಾಯ ಇದೆ. ಆದರೆ ಗಾಳದ ತುದಿಯಲ್ಲಿ ಏನಿದೆ ಅಂತ ಯಾರೂ ನೋಡಲಿಲ್ಲ. ಅದನ್ನ ನೋಡಿದರೆ ಜಗಳದ ಅರ್ಧ ಭಾಗ ತಾನಾಗಿಯೇ ತೀರುತ್ತದೆ ಅನ್ನೋದು ನನ್ನ ಅಭಿಪ್ರಾಯ.

ಗಾಳ ಹಾಕೋದು ಸೋಮಾರಿಗಳ ಕೆಲಸ ಅಂತ ಹಾಸ್ಯ ಮಾಡುವವರಿಗೆ ಒಂದು ಮಾತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ 'ಮತ್ಸ್ಯವಿನೋದ' ಅಂತ ಗಾಳದ ಮೇಲೆಯೇ ಒಂದು ಭಾಗ ಇದೆ. ಕೋಲು, ದಾರ, ಮೀನಿನ ಜಾತಿ, ಅವಕ್ಕೆ ಹಾಕುವ ಆಹಾರ ಎಲ್ಲವನ್ನೂ ರಾಜನಾದವನು ಕೂತು ಬರೆಸಿದ್ದಾನೆ. ಅಂದಮೇಲೆ ಇದು ತಲೆ ಓಡಿಸಬೇಕಾದ ವಿದ್ಯೆಯೇ ಸರಿ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಹಳೆಯ ಕನ್ನಡದಲ್ಲಿ ಗಾಳಕ್ಕೆ ಚುಚ್ಚುವ ಆಹಾರಕ್ಕೆ 'ಎರೆ' ಅಂತಾರೆ. ಎರೆ ಆರಿಸೋಕೆ ಮೊದಲು ಮೀನಿನ ಬಾಯಿ ನೋಡಬೇಕು. ಕಾಟ್ಲಾದ ಬಾಯಿ ದೊಡ್ಡದು, ಮೇಲ್ಮುಖವಾಗಿರುತ್ತೆ. ಅದು ನೀರಿನ ಮೇಲ್ಪದರದಲ್ಲಿ ತಿನ್ನುವ ಮೀನು. ರೋಹು ನಡು ನೀರಿನದು. ಮೃಗಾಲ್ ಬಾಯಿ ಕೆಳಮುಖ, ತಳದಲ್ಲಿ ಮೇಯುತ್ತೆ. ಸಾಮಾನ್ಯ ಗೆಂಡೆ ಬಾಯಿಯನ್ನ ಕೊಳವೆ ಥರ ಮುಂದಕ್ಕೆ ಚಾಚಿ ಕೆಸರು ಕೆದಕುತ್ತೆ. ಹುಲ್ಲುಗೆಂಡೆಗೆ ಹೆಸರೇ ಹೇಳುವಂತೆ ಸೊಪ್ಪು ಬೇಕು. ಬೆಳ್ಳಿಗೆಂಡೆ ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದ ಪಾಚಿಯನ್ನ ಸೋಸಿ ತಿನ್ನುತ್ತೆ. ಅದು ಗಾಳಕ್ಕೆ ಬೀಳೋದು ಅಪರೂಪ, ಅದಕ್ಕೆ ಬಲೆಯೇ ಗತಿ. ಒಂದೇ ಕೆರೆಯಲ್ಲಿ ಇಷ್ಟು ಜಾತಿ ಯಾಕೆ ಬಿಡ್ತೀವಿ ಅಂದರೆ ಇದಕ್ಕೇ. ಮಹಡಿ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಅಂತಸ್ತಿನಲ್ಲಿ ಇದ್ದ ಹಾಗೆ, ಒಬ್ಬರ ಊಟಕ್ಕೆ ಒಬ್ಬರು ಹೆಚ್ಚು ಕೈ ಹಾಕೋದಿಲ್ಲ.

ಕಳೆದ ಎರಡು ಬೇಸಿಗೆಯಲ್ಲಿ ನಾನು ಮತ್ತು ಇನ್ನಿಬ್ಬರು ಸದಸ್ಯರು, ಆಡಳಿತ ಮಂಡಳಿಯ ಒಪ್ಪಿಗೆ ಪಡೆದು, ಒಂದು ಪರೀಕ್ಷೆ ಮಾಡಿದೆವು. ಒಂದೇ ದಡ, ಒಂದೇ ಹೊತ್ತು, ಮೂರು ಕಡ್ಡಿ. ಒಂದಕ್ಕೆ ಎರೆಹುಳು, ಒಂದಕ್ಕೆ ಹಿಟ್ಟಿನ ಉಂಡೆ, ಒಂದಕ್ಕೆ ಸಣ್ಣ ಜೀವಂತ ಮೀನು. ಯಾವುದಕ್ಕೆ ಏನು ಬಿತ್ತು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು. ಕಂಡದ್ದನ್ನ ಹೇಳುತ್ತೇನೆ.

ಎರೆಹುಳು ಚುಚ್ಚಿ, ಸಣ್ಣ ಗಾಳವನ್ನ ದಡದ ಜೊಂಡಿನ ಪಕ್ಕ ಮೊಳದ ಆಳಕ್ಕೆ ಬಿಟ್ಟರೆ ಬಿದ್ದದ್ದು ಬಹುಪಾಲು ಜಿಲೇಬಿ, ಪಕ್ಕೆ, ಗಿರ್ಲು. ಅದೇ ಹುಳುವನ್ನ ತಳಕ್ಕೆ ಇಳಿಸಿದಾಗ ಸಾಮಾನ್ಯ ಗೆಂಡೆಯೂ ಬಾಯಿ ಹಾಕಿತು. ಅಂದರೆ ಎರೆ ಎಷ್ಟು ಮುಖ್ಯವೋ ಆಳವೂ ಅಷ್ಟೇ ಮುಖ್ಯ. ಗಿರ್ಲು ಬಿಡಿಸುವಾಗ ಬೆನ್ನ ಮುಳ್ಳು ಜೋಪಾನ. ಚೇಳುಮೀನು ಬಿದ್ದರಂತೂ ಬರಿಗೈ ಹಾಕಲೇಬೇಡಿ, ಅದರ ಮುಳ್ಳಿಗೆ ನಂಜು ಇದೆ.

ಹಿಟ್ಟಿನ ಉಂಡೆಯ ಕಥೆ ಬೇರೆ. ಗೋಧಿ ಹಿಟ್ಟು, ಹುರಿದ ಕಡಲೆಕಾಯಿ ಹಿಂಡಿ, ಸ್ವಲ್ಪ ಬೆಲ್ಲ ಸೇರಿಸಿ ಗಟ್ಟಿಯಾಗಿ ನಾದಬೇಕು. ಬರೀ ಹಿಟ್ಟು ನೀರಿನಲ್ಲಿ ಬೇಗ ಕರಗಿ ಹೋಗುತ್ತೆ. ಒಂದಿಷ್ಟು ಹತ್ತಿಯ ಎಳೆ ಬಿಡಿಸಿ ಕಲಸಿದರೆ ಗಾಳ ಬಿಡದೆ ಕೂರುತ್ತೆ. ಹಿಂದಿನ ಸಂಜೆಯೇ ಅಕ್ಕಿ ತೌಡು, ಹಿಂಡಿ ಕಲಸಿ ಒಂದು ಜಾಗಕ್ಕೆ ಎಸೆದು ಬಂದರೆ ಮಾರನೆಯ ಬೆಳಿಗ್ಗೆ ಮೀನು ಅಲ್ಲಿ ನೆರೆದಿರುತ್ತೆ. ಈ ಎರೆಗೆ ನಮಗೆ ಬಿದ್ದದ್ದೆಲ್ಲ ರೋಹು, ಮೃಗಾಲ್, ಗೆಂಡೆ. ಅಂದರೆ ಸಂಘ ದುಡ್ಡು ಕೊಟ್ಟು ಬಿಟ್ಟ ಮೀನು. ಹೀಗೆ ತೌಡು ಹಾಕಿ ಹಿಟ್ಟಿನ ಉಂಡೆ ಹಿಡಿದು ಕೂತವನು 'ಸುಮ್ಮನೆ ಹೊತ್ತು ಕಳೆಯೋಕೆ ಬಂದೆ' ಅಂದರೆ ನಂಬಬೇಡಿ.

ಬೆಂಡು ಓದೋದನ್ನೂ ಕಲಿಯಬೇಕು. ಜಿಲೇಬಿ ಕಚ್ಚಿದರೆ ಬೆಂಡು ಟಕಟಕ ಕುಣಿಯುತ್ತೆ. ಗೆಂಡೆ ತಳದಿಂದ ಎರೆ ಎತ್ತಿದರೆ ಬೆಂಡು ಮುಳುಗುವ ಬದಲು ಮೇಲಕ್ಕೆ ಬಂದು ಅಡ್ಡ ಮಲಗುತ್ತೆ. ಹೊಸಬರು ಅದನ್ನ ನೋಡಿ ಮೀನು ಹೋಯ್ತು ಅಂತ ಕೈ ಚೆಲ್ಲುತ್ತಾರೆ. ಬಾಳೆ ಮೀನು ಹಿಡಿದರೆ ಬೆಂಡು ಒಂದೇ ಏಟಿಗೆ ಮಾಯ.

ಸಾಮಾನಿನ ಬಗ್ಗೆ ಹೆಚ್ಚು ಹೇಳೋದಿಲ್ಲ. ರಾಟೆ ಇರುವ ಪೇಟೆ ಕಡ್ಡಿ ಇದ್ದರೆ ದೂರಕ್ಕೆ ಎಸೆಯಬಹುದು, ದೊಡ್ಡ ಮೀನನ್ನ ದಾರ ಬಿಟ್ಟು ಬಿಟ್ಟು ದಣಿಸಬಹುದು. ನಮ್ಮ ಕೆರೆ ದಡಕ್ಕೆ ಒಣಗಿದ ಬಿದಿರು ಕಡ್ಡಿ ಸಾಕು. ಅಂಗಡಿಯಲ್ಲಿ ಗಾಳದ ನಂಬರು ಹೆಚ್ಚಾದಷ್ಟೂ ಗಾಳ ಸಣ್ಣದು ಅನ್ನೋದು ನೆನಪಿರಲಿ. ನೈಲಾನ್ ದಾರ ಕಡಿಯೋದು ಗಂಟಿನ ಹತ್ತಿರವೇ ಜಾಸ್ತಿ. ಗಂಟು ಬಿಗಿಯುವ ಮೊದಲು ನೀರಿನಲ್ಲಿ ಒದ್ದೆ ಮಾಡಿ. ತುಂಡಾದ ದಾರವನ್ನ ದಡದಲ್ಲಿ ಬಿಟ್ಟು ಬರಬೇಡಿ, ಕೊಕ್ಕರೆ ಕಾಲಿಗೆ ಸುತ್ತಿಕೊಳ್ಳುತ್ತೆ. ಇನ್ನು ಹೊತ್ತಿನ ಮಾತು: ಬೇಸಿಗೆಯಲ್ಲಿ ಬೆಳಗಿನ ಜಾವ, ಇಳಿಹೊತ್ತು ಒಳ್ಳೆಯದು. ಆದರೆ ಮೋಡ ಕವಿದು ಗಾಳಿ ಇಲ್ಲದ ಮುಂಜಾನೆ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ನೀರಿನಲ್ಲಿ ಉಸಿರಿಗೆ ಗಾಳಿ ಸಾಲದೆ ಒದ್ದಾಡುತ್ತಿದೆ. ಆಗ ಗಾಳ ಬಿಟ್ಟು ಕಾರ್ಯದರ್ಶಿಗಳಿಗೆ ಸುದ್ದಿ ಮುಟ್ಟಿಸಿ.

ಮೂರನೆಯ ಕಡ್ಡಿಗೆ ಬಿದ್ದದ್ದು ಕೊರವ. ಈ ಮೀನಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕೊರವ ಬೇಟೆ ಮೀನು. ಕಪ್ಪೆ, ಸಣ್ಣ ಮೀನು ಅಂದರೆ ಹಾರಿ ಬರುತ್ತೆ. ಅದು ಮೇಲೆ ಬಂದು ಗಾಳಿ ಕುಡಿದು ಹೋಗುತ್ತೆ, ಹಾಗಾಗಿ ಎಲ್ಲಿದೆ ಅಂತ ಗೊತ್ತಾಗುತ್ತೆ. ಮಳೆಗಾಲದಲ್ಲಿ ಕೆಂಪು ಬಣ್ಣದ ಸಣ್ಣ ಮರಿಗಳು ಗುಂಪಾಗಿ ನೀರಿನ ಮೇಲೆ ಕುದಿಯುವ ಹಾಗೆ ಓಡಾಡೋದನ್ನ ನೀವೆಲ್ಲ ನೋಡಿದ್ದೀರಿ. ಆ ಗುಂಪಿನ ಕೆಳಗೆ ತಂದೆ ತಾಯಿ ಕಾವಲು ಇರುತ್ತವೆ. ಆ ಮರಿಗಳ ನಡುವೆ ಗಾಳ ಎಸೆದರೆ ಕಾವಲಿನ ಮೀನು ಸಿಟ್ಟಿನಿಂದ ಕಚ್ಚುತ್ತೆ. ಹಸಿವಿಗಲ್ಲ, ಮಕ್ಕಳನ್ನ ಉಳಿಸೋಕೆ. ಒಂದು ಮೀನು ಕೈಗೆ ಬರುತ್ತೆ, ಕಾವಲಿಲ್ಲದ ಮರಿಗಳೆಲ್ಲ ಬೇರೆ ಮೀನಿನ ಹೊಟ್ಟೆ ಸೇರುತ್ತವೆ. ಇದನ್ನ ಜಾಣತನ ಅಂತ ಕೆಲವರು ಹೇಳಿಕೊಡುತ್ತಾರೆ. ದಯಮಾಡಿ ಕಲಿಯಬೇಡಿ.

ಹೊಳೆಯ ಕಡೆ ಹೋಗುವವರಿಗೂ ಒಂದು ಮಾತು. ಕಾವೇರಿಯ ಬಿಳಿಮೀನು, ಇಂಗ್ಲಿಷಿನಲ್ಲಿ ಮಹಶೀರ್ ಅನ್ನುವುದು, ನಮ್ಮ ರಾಗಿ ಮುದ್ದೆಯ ಉಂಡೆಗೇ ಬೀಳುತ್ತಿದ್ದ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್ ಅಂದರೆ ಸುಮಾರು 54 ಕೆ.ಜಿ. ತೂಗುವ ಬಿಳಿಮೀನು ಹಿಡಿದಿದ್ದರು. ಕಾವೇರಿಗೇ ಸೇರಿದ, ಬೆನ್ನು ಉಬ್ಬಿದ ಆ ಜಾತಿಯನ್ನ 2018ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದೆ. ಅಂಥ ಮೀನಿಗೇ ಈ ಗತಿ ಬಂದಮೇಲೆ ನಮ್ಮ ಪಕ್ಕೆ, ಗಿರ್ಲು ಯಾವ ಲೆಕ್ಕ? ಅಕಸ್ಮಾತ್ ಬಿಳಿಮೀನು ಬಿದ್ದರೆ ನೀರಿಗೆ ಬಿಟ್ಟುಬಿಡಿ.

ಈಗ ಲೆಕ್ಕಕ್ಕೆ ಬರೋಣ. ಕಾಟ್ಲಾ, ರೋಹು, ಮೃಗಾಲ್ ನಮ್ಮ ಕೆರೆಯ ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡೋದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ಹೊಳೆ ಬೇಕು. 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧರಿ ಮತ್ತು ಅವರ ಸಂಗಡಿಗರು ಚುಚ್ಚುಮದ್ದು ಕೊಟ್ಟು ಗೆಂಡೆ ಮೀನಿನ ಮರಿ ಮಾಡಿಸೋದರಲ್ಲಿ ಗೆದ್ದರು. ಅದರಿಂದಲೇ ನಮ್ಮಂಥ ಸಂಘಗಳಿಗೆ ಮರಿ ಸಿಗುತ್ತಿದೆ. ಆ ದಿನವನ್ನೇ ದೇಶದಲ್ಲಿ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ಬಿಟ್ಟ ಮರಿ ಮೇವು ಚೆನ್ನಾಗಿದ್ದರೆ ವರ್ಷಕ್ಕೆ ಮುಕ್ಕಾಲು, ಒಂದು ಕೆ.ಜಿ. ಬರುತ್ತೆ. ಅದನ್ನ ನೂರು ಗ್ರಾಮಿಗೇ ಹಿಡಿದರೆ ಬಡ್ಡಿ ಬರುವ ಮೊದಲೇ ಅಸಲು ತಿಂದ ಹಾಗೆ. ಜಿಲೇಬಿಯ ಲೆಕ್ಕ ಬೇರೆ. 1952ರಲ್ಲಿ ಹೊರದೇಶದಿಂದ ಬಂದ ಈ ಮೀನು ಬಾಯಲ್ಲೇ ಮೊಟ್ಟೆ ಇಟ್ಟುಕೊಂಡು ಮರಿ ಮಾಡುತ್ತೆ, ಕೆರೆ ತುಂಬ ಹಬ್ಬಿ ನಾವು ಬಿಟ್ಟ ಮರಿಗಳ ಮೇವಿಗೂ ಪಾಲು ಕೇಳುತ್ತೆ. ಅದನ್ನ ಊರಿನ ಹುಡುಗರು ಹಿಡಿದಷ್ಟೂ ಸಂಘಕ್ಕೆ ಉಪಕಾರವೇ.

ಆದ್ದರಿಂದ ಗಾಳವನ್ನ ಪೂರ್ತಿ ನಿಲ್ಲಿಸೋದು ಬೇಡ, ಪೂರ್ತಿ ಬಿಡೋದೂ ಬೇಡ. ನನ್ನ ಸಲಹೆ ಇಷ್ಟು. ದಡದಲ್ಲಿ ಎರೆಹುಳು, ಸಣ್ಣ ಗಾಳ, ಮೊಳದಾಳದ ಬೆಂಡು: ಇದು ಊರಿನ ಯಾರಿಗಾದರೂ, ಮಕ್ಕಳಿಗಂತೂ ಮುಕ್ತವಾಗಿರಲಿ. ಹಿಟ್ಟಿನ ಉಂಡೆ, ತೌಡು, ಹಿಂಡಿ ಹಾಕುವವರು ಸಂಘದ ಚೀಟಿ ಪಡೆಯಲಿ. ಅರ್ಧ ಕೆ.ಜಿ.ಗಿಂತ ಸಣ್ಣ ಗೆಂಡೆ, ರೋಹು ಬಿದ್ದರೆ ಕೈ ಒದ್ದೆ ಮಾಡಿಕೊಂಡು ಬಿಡಿಸಿ ನೀರಿಗೆ ಬಿಡಬೇಕು. ಒಣಗೈ ತಾಗಿದರೆ ಮೈಮೇಲಿನ ಲೋಳೆ ಹೋಗಿ ಮೀನಿಗೆ ರೋಗ ಹತ್ತುತ್ತೆ. ಗಾಳ ನುಂಗಿದ್ದರೆ ಎಳೆಯಬೇಡಿ, ದಾರ ಕತ್ತರಿಸಿ ಬಿಡಿ. ಮರಿ ಕಾಯುವ ಕೊರವನಿಗೆ ಯಾರೂ ಗಾಳ ಎಸೆಯಬಾರದು. ಹೊಸ ನೀರು ಬಂದಾಗ ಮೊಟ್ಟೆ ತುಂಬಿದ ಮೀನು ಹಳ್ಳಕ್ಕೆ ಹತ್ತುತ್ತೆ. ಆ ದಿನಗಳಲ್ಲಿ ಹಳ್ಳದ ಬಾಯಿಗೆ ಗಾಳವಾಗಲಿ, ಬಲೆಯಾಗಲಿ, ಕೂಳಿಯಾಗಲಿ ಬೇಡ.

ನಿಯಮ ಬಲೆಗೂ ಒಂದೇ ಇರಬೇಕು. ಗಾಳದ ಹುಡುಗನನ್ನ ಗದರಿಸಿ, ನಾವೇ ಸೊಳ್ಳೆಪರದೆಯಂಥ ಬಲೆ ಎಳೆದು ಮರಿ ಬಾಚಿದರೆ ಯಾರು ಮರ್ಯಾದೆ ಕೊಡುತ್ತಾರೆ? ಗಾಳ ಒಂದೊಂದೇ ಮೀನು ಹಿಡಿಯುತ್ತೆ, ಬೇಡವಾದದ್ದನ್ನ ಬಿಡಬಹುದು. ಸಣ್ಣ ಕಣ್ಣಿನ ಬಲೆಗೆ ಆ ವಿವೇಕ ಇಲ್ಲ. ಇನ್ನು ಸಿಡಿಮದ್ದು, ವಿಷ ಹಾಕಿ ಮೀನು ಸಾಯಿಸೋದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಕರೆಂಟು ಬಿಡೋದಂತೂ ಮೀನಿನ ಜೊತೆ ಮನುಷ್ಯರನ್ನೂ ಕೊಲ್ಲುವ ಕೆಲಸ. ದನ ನೀರು ಕುಡಿಯುವ, ಹೆಂಗಸರು ಬಟ್ಟೆ ಒಗೆಯುವ ಕೆರೆ ಇದು.

ಈ ಸಲಹೆಗಳನ್ನ ಬರೆದು ಅಧ್ಯಕ್ಷರ ಕೈಗೆ ಕೊಟ್ಟಿದ್ದೇನೆ. ಬರುವ ಮಹಾಸಭೆಯಲ್ಲಿ ಚರ್ಚೆಗೆ ಬರಲಿ. ತಿದ್ದುವುದಿದ್ದರೆ ತಿದ್ದಿ, ಒಪ್ಪಿಗೆಯಾದರೆ ಏರಿ ಮೇಲೆ ಬೋರ್ಡು ಬರೆಸೋಣ. ಸಂಘದವರು ಬೇರೆ, ಊರಿನವರು ಬೇರೆ ಅನ್ನೋ ಮಾತು ಬರದ ಹಾಗೆ ನೋಡಿಕೊಳ್ಳೋದೇ ಈ ಬೆಳ್ಳಿಹಬ್ಬದ ನಿಜವಾದ ಆಚರಣೆ.