ಹಾಡು ಕೇಳಿದವರು ಯಾರು, ಯಾಕೆ ಕೇಳಿದರು?



ಕನ್ನಡದ ‘ಕೇಳು’ ಎಂಬ ಮಾತು ಒಂದು ವಿಚಿತ್ರ ಮಾತು. ಕಿವಿಗೊಡುವುದಕ್ಕೂ ಅದೇ, ಬೇಡುವುದಕ್ಕೂ ಅದೇ, ಪ್ರಶ್ನೆ ಹಾಕುವುದಕ್ಕೂ ಅದೇ. ‘ಅವಳು ಹಾಡು ಕೇಳಿದಳು’ ಎಂದರೆ ಆಲಿಸಿದಳೋ, ‘ಒಂದು ಹಾಡು ಹಾಕಿ’ ಎಂದು ಬೇಡಿದಳೋ, ಹಿಂದುಮುಂದಿನ ಮಾತು ಗೊತ್ತಿಲ್ಲದೆ ಹೇಳಲಾಗದು. ಸಂಗೀತದ ಚರಿತ್ರೆಯಲ್ಲಿ ಹಾಡಿದವರ ಹೆಸರಿದೆ, ಕಟ್ಟಿದವರ ಹೆಸರಿದೆ, ನುಡಿಸಿದವರ ಹೆಸರೂ ಇದೆ. ಕೇಳಿದವರು ಮಾತ್ರ ‘ಕಿಕ್ಕಿರಿದ ಸಭೆ’ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತಾರೆ. ಆದರೆ ಅವರು ಸುಮ್ಮನೆ ಕುಳಿತವರಲ್ಲ. ತಮಗೆ ಯಾವ ಹಾಡು ಬೇಕು ಎಂಬುದನ್ನು ಚೀಟಿಯಲ್ಲಿ, ಕಾರ್ಡಿನಲ್ಲಿ, ಫೋನಿನಲ್ಲಿ ಹೇಳುತ್ತಲೇ ಬಂದಿದ್ದಾರೆ. ಯಾಕೆ ಬೇಕು ಎಂಬುದನ್ನು ಹೇಳಿದ್ದು ಕಡಿಮೆ.

ಈ ಕಥೆ ಹೇಳಲು ಕಟ್ಟಾಯದ ಸೀಮೆಗಿಂತ ದೂರ ಹೋಗಬೇಕಿಲ್ಲ. ಒಂದು ಕಡೆ ಹೇಮಾವತಿ ದಡದ ಗೊರೂರು. ಇನ್ನೊಂದು ಕಡೆ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಡದ ರುದ್ರಪಟ್ಟಣ. ಮನೆಗೊಬ್ಬರು ಸಂಗೀತಗಾರರು ಎಂದು ಜನ ಹೇಳಿಕೊಳ್ಳುವ ಊರು ಅದು. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು. 2011ರಲ್ಲಿ ಪದ್ಮಭೂಷಣ ಪಡೆದರು, 2014ರಲ್ಲಿ ತೀರಿಕೊಂಡರು. ರುದ್ರಪಟ್ಟಣಂ ಸಹೋದರರೆಂದು ಹೆಸರಾದ ತ್ಯಾಗರಾಜನ್, ತಾರಾನಾಥನ್ ಅವರದೂ ಅದೇ ಮನೆತನ. ಒಂದು ಹಳ್ಳಿಯಲ್ಲಿ ಇಷ್ಟು ಮಂದಿ ಹಾಡುವವರು ಹುಟ್ಟಬೇಕಾದರೆ ಅಲ್ಲಿ ಕೇಳುವವರು ಎಷ್ಟು ಮಂದಿ ಇದ್ದಿರಬೇಕು ಎಂಬ ಲೆಕ್ಕವನ್ನು ಯಾರೂ ಹಾಕಿದಂತಿಲ್ಲ. ತಾಳ ತಪ್ಪಿದರೆ ಜಗಲಿಯ ಮೇಲಿನ ಅಜ್ಜಿಗೂ ಗೊತ್ತಾಗುವ ಊರಿನಲ್ಲಿ ಹಾಡುವುದು ಸುಲಭದ ಕೆಲಸವಲ್ಲ.

ಇಂಥ ಕಡೆ ಅಭಿಮಾನಿಯ ಆಯುಧ ಎಂದರೆ ಚೀಟಿ. ಕಛೇರಿ ಅರ್ಧ ನಡೆದಿರುವಾಗ ಒಂದು ತುಂಡು ಕಾಗದ ಕೈಯಿಂದ ಕೈಗೆ ದಾಟಿ ವೇದಿಕೆ ಮುಟ್ಟುತ್ತದೆ. ಅದರಲ್ಲಿ ಒಂದು ರಾಗದ ಹೆಸರೋ ಕೃತಿಯ ಹೆಸರೋ ಇರುತ್ತದೆ, ಅಷ್ಟೆ. ವಿದ್ವಾಂಸರು ಓದಿ ಮುಗುಳ್ನಗುತ್ತಾರೆ. ಮನಸ್ಸು ಬಂದರೆ ಹಾಡುತ್ತಾರೆ, ಇಲ್ಲವಾದರೆ ಚೀಟಿ ಶ್ರುತಿಪೆಟ್ಟಿಗೆಯ ಕೆಳಗೆ ಸೇರುತ್ತದೆ. ಯಾಕೆ ಆ ರಾಗ ಬೇಕಿತ್ತು ಎಂಬುದು ಹೊರಬೀಳುವುದು ಕಛೇರಿ ಮುಗಿದು ಮನೆಗೆ ನಡೆಯುವಾಗ. ‘ತೋಡಿಯಲ್ಲಿ ಆ ಗಾಂಧಾರ ಹಿಡಿದ ರೀತಿ ನೋಡಿದೆಯಾ’ ಎಂದು ಶುರುವಾದ ಮಾತು ಬಾಗಿಲು ತಟ್ಟುವವರೆಗೂ ಸಾಗುತ್ತದೆ. ರಸಿಕನಿಗೆ ಕಾರಣ ಹೇಳುವ ಭಾಷೆಯೊಂದಿತ್ತು. ಆದರೆ ಅದು ಕೆಲವೇ ಬೀದಿಗಳ ಭಾಷೆಯಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ. ಪಾಠ ಆದವರಿಗೆ ಮಾತ್ರ ಅದು ದಕ್ಕಿತು.

ಉಳಿದವರು? ಅವರನ್ನು ಹುಡುಕಿಕೊಂಡು ಹೋದವರಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904–1991) ಮುಖ್ಯರು. ಅವರ ಒಂದು ಪುಸ್ತಕದ ಹೆಸರೇ ‘ನಮ್ಮ ಊರಿನ ರಸಿಕರು’. ರಸಿಕ ಎಂಬ ಪದವಿಯನ್ನು ಸಭಾಂಗಣದ ಮುಂದಿನ ಸಾಲಿನಿಂದ ತೆಗೆದು ಹಳ್ಳಿಯ ಜಗಲಿಗೆ ತಂದಿಟ್ಟ ಹೆಸರು ಅದು. ‘ಹಳ್ಳಿಯ ಹಾಡುಗಳು’ ಎಂಬ ಸಂಗ್ರಹವನ್ನೂ ಅವರು ಹೊರತಂದರು. ಈ ಸೀಮೆಯ ಹೆಣ್ಣುಮಕ್ಕಳು ‘ಹಾಡು ಹಾಡು’ ಅನ್ನುವುದಿಲ್ಲ, ‘ಪದ ಹೇಳು’ ಅನ್ನುತ್ತಾರೆ. ರಾಗಿ ಬೀಸುವಾಗ ಒಬ್ಬಳು ಹೇಳಿದ ಪದಕ್ಕೆ ಇನ್ನೊಬ್ಬಳು ಸೊಲ್ಲು ಸೇರಿಸುತ್ತಾಳೆ. ‘ಅದನ್ನೇ ಇನ್ನೊಂದು ಸಲ ಹೇಳವ್ವಾ’ ಎಂದರೆ ಅದೇ ಕೋರಿಕೆ, ಅದೇ ಮೆಚ್ಚುಗೆ. ಅಲ್ಲಿ ‘ಯಾಕೆ’ ಎಂದು ಬಿಡಿಸಿ ಕೇಳುವ ಪ್ರಮೇಯ ಬರುವುದಿಲ್ಲ. ತವರಿನ ಪದವನ್ನು ಮತ್ತೆ ಕೇಳಿದವಳ ಕಾರಣ ಬೀಸುಕಲ್ಲಿನ ಆಚೆ ಕುಳಿತವಳಿಗೆ ಗೊತ್ತೇ ಇರುತ್ತದೆ.

ಈ ಎರಡೂ ಬಗೆಯ ಕೇಳುಗರನ್ನು ಒಂದೇ ಪೆಟ್ಟಿಗೆಯ ಮುಂದೆ ಕೂರಿಸಿದ್ದು ರೇಡಿಯೋ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ಇಡೀ ದೇಶಕ್ಕೆ ಹೋಯಿತು. 1955ರಲ್ಲಿ ಬೆಂಗಳೂರು ಕೇಂದ್ರ ಬಂತು. ಶ್ರೀಕಂಠನ್ ಆಕಾಶವಾಣಿಯಲ್ಲಿ ಮೂರು ದಶಕ ಕೆಲಸ ಮಾಡಿದವರು, ರೇಡಿಯೋದಲ್ಲೇ ಸಂಗೀತ ಪಾಠ ಹೇಳಿಕೊಟ್ಟವರು. ಗುರುವಿನ ಮನೆಯ ಹೊಸ್ತಿಲು ತುಳಿಯುವ ಅವಕಾಶ ಇಲ್ಲದವರೂ ಪೆನ್ಸಿಲು ಹಿಡಿದು ಸ್ವರ ಬರೆದುಕೊಳ್ಳಬಹುದಾಗಿತ್ತು. ಕೆಲವೇ ಬೀದಿಗಳ ಭಾಷೆ ಬೇಲಿ ದಾಟಿದ್ದು ಹೀಗೆ.

ಆದರೆ ಸಿನಿಮಾ ಹಾಡಿನ ಕಥೆ ಬೇರೆ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆ ಎಂದರೆ ಆಗದು. ಆಕಾಶವಾಣಿಯಿಂದ ಅವು ಬಹುಮಟ್ಟಿಗೆ ಮಾಯವಾದವು. ಶಾಸ್ತ್ರೀಯ ಸಂಗೀತಕ್ಕೆ ಇದರಿಂದ ಒಳ್ಳೆಯ ಕಾಲವೇ ಬಂತು ಎನ್ನಬೇಕು. ಆದರೆ ಕೇಳುಗರು ಸುಮ್ಮನಿರಲಿಲ್ಲ, ರೇಡಿಯೋದ ಮುಳ್ಳನ್ನು ಸಿಲೋನಿಗೆ ತಿರುಗಿಸಿದರು. ಅದೇ ವರ್ಷದ ಕೊನೆಯಲ್ಲಿ ಅಲ್ಲಿಂದ ಅಮೀನ್ ಸಯಾನಿ ಅವರ ‘ಬಿನಾಕಾ ಗೀತ್‌ಮಾಲಾ’ ಶುರುವಾಯಿತು. ಮೊದಲ ಕಂತಿಗೇ ಒಂಬತ್ತು ಸಾವಿರ ಪತ್ರ ಬಂದವು ಎಂದು ಸಯಾನಿ ನೆನಪಿಸಿಕೊಳ್ಳುತ್ತಿದ್ದರು. ಇಂದಿನ ಜಾರ್ಖಂಡ್‌ನ ಅಭ್ರಕದ ಗಣಿಯೂರು ಝುಮ್ರಿ ತಲೈಯಾ, ಹಾಡಿನ ಕೋರಿಕೆ ಬರೆದೂ ಬರೆದೂ ದೇಶಕ್ಕೆಲ್ಲ ಹೆಸರಾಯಿತು. ಅಂಥ ಊರು ನಿಜವಾಗಿ ಇದೆಯೇ ಎಂದು ಅನುಮಾನಪಟ್ಟವರೂ ಇದ್ದರು! ಕೊನೆಗೆ 1957ರ ಅಕ್ಟೋಬರ್ 3ರಂದು ಸರಕಾರವೇ ‘ವಿವಿಧ ಭಾರತಿ’ಯನ್ನು ಆರಂಭಿಸಬೇಕಾಯಿತು. ಕೇಳುಗರು ಬರೀ ಕಿವಿಯಿಂದ ಗೆದ್ದ ಅಪರೂಪದ ಹೋರಾಟ ಇದು.

ಇನ್ನು ಆ ಕಾರ್ಡು. ಒಂದು ಕಾಲಕ್ಕೆ ಹದಿನೈದು ಪೈಸೆ. ಹಿಂದೆ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. ರೇಡಿಯೋಗೆ ಬರೆಯಲು ಕಾರ್ಡನ್ನೂ ಅಲ್ಲಿಯೇ ಕೊಳ್ಳಬೇಕಿತ್ತು. ಅಂಗೈಯಗಲದ ಆ ಜಾಗದಲ್ಲಿ ಚಿತ್ರದ ಹೆಸರು, ಹಾಡಿನ ಮೊದಲ ಸಾಲು, ಆಮೇಲೆ ಹೆಸರುಗಳ ಸಾಲು. ಅಪ್ಪ, ಅಮ್ಮ, ದೊಡ್ಡಪ್ಪನ ಮಕ್ಕಳು, ಪಕ್ಕದ ಮನೆಯವರು, ಕೊನೆಗೆ ‘ಮತ್ತು ಗೆಳೆಯರ ಬಳಗ’. ಉದ್ಘೋಷಕಿ ಅದನ್ನೆಲ್ಲ ಒಂದೇ ಉಸಿರಿನಲ್ಲಿ ಓದಿ ಹಾಡು ಹಾಕುತ್ತಿದ್ದರು. ಕೆಲವೊಮ್ಮೆ ಹೆಸರುಗಳೇ ಪಲ್ಲವಿಗಿಂತ ಉದ್ದವಾಗುತ್ತಿದ್ದವು.

ಇವರಿಗೆ ಬೇಕಾದದ್ದು ಹಾಡಲ್ಲ, ರೇಡಿಯೋದಲ್ಲಿ ಹೆಸರು ಎಂದು ತಿಳಿದವರು ನಕ್ಕದ್ದುಂಟು. ಮಾತಿನಲ್ಲಿ ಅರ್ಧ ನಿಜ ಇದೆ. ಪತ್ರಿಕೆಯಲ್ಲಿ ಎಂದೂ ಬರದ ಊರಿನ ಹೆಸರು ಬೆಂಗಳೂರಿನ ಬಾಯಲ್ಲಿ ಕೇಳುವುದು ಸಣ್ಣ ಸಂಗತಿಯಲ್ಲ. ಆದರೆ ಉಳಿದರ್ಧ ನಿಜವನ್ನು ನಕ್ಕವರು ಗಮನಿಸಲಿಲ್ಲ. ಆ ಹೆಸರುಗಳೇ ಕಾರಣಗಳು. ಸೇನೆಯಲ್ಲಿರುವ ತಮ್ಮನ ಹೆಸರನ್ನು ಪಟ್ಟಿಗೆ ಸೇರಿಸಿ ಅಣ್ಣತಂಗಿಯ ಹಾಡು ಕೇಳಿದವಳು ‘ಯಾಕೆ’ ಎಂಬುದಕ್ಕೆ ಇನ್ನೊಂದು ಸಾಲು ಬರೆಯಬೇಕಿರಲಿಲ್ಲ. ಊರಿನಲ್ಲಿ ಗಟ್ಟಿಯಾಗಿ ಹೇಳಲಾಗದ ಒಂದು ಹೆಸರನ್ನು ‘ಗೆಳೆಯರ ಬಳಗ’ದ ನಡುವೆ ಅಡಗಿಸಿಟ್ಟು ಪ್ರೇಮಗೀತೆ ಕೋರಿದ ಹುಡುಗನಿಗಂತೂ ಕಾರಣ ಬರೆಯುವ ಧೈರ್ಯವೂ ಇರಲಿಲ್ಲ. ಕಾರ್ಡು ಎಂದರೆ ತೆರೆದ ಪತ್ರ, ಅಂಚೆಯವನೂ ಓದುತ್ತಾನೆ! ರಸಿಕನ ಗಾಂಧಾರದ ಮಾತು ಎಷ್ಟು ಗಂಭೀರವೋ ಈ ಹೆಸರುಗಳ ಸಾಲೂ ಅಷ್ಟೇ ಗಂಭೀರ. ಅದನ್ನು ಓದುವ ಬಗೆ ಬೇರೆ, ಅಷ್ಟೆ.

ಕ್ಯಾಸೆಟ್ ಬಂದ ಮೇಲೆ ಹಾಡು ಕೈಗೇ ಸಿಕ್ಕಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅದು. ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವಥ್ ಅವರ ಕಂಚಿನ ಕಂಠದಿಂದ ಶಿಶುನಾಳ ಶರೀಫರ ತತ್ವಪದಗಳು ಹಳೇ ಮೈಸೂರಿನ ಮನೆಗಳಿಗೆ ಬಂದವು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಜನಸಾಗರ ಸೇರಿದ್ದರ ಹಿಂದೆ ಹಳ್ಳಿ ಬಸ್ಸುಗಳಲ್ಲಿ ತಿರುಗಿ ತಿರುಗಿ ಸವೆದ ಕ್ಯಾಸೆಟ್ಟುಗಳ ಪಾಲೂ ಇತ್ತು. ಡ್ರೈವರ್ ಹಾಕಿದ್ದೇ ಹಾಡು, ಕಂಡಕ್ಟರ್ ಕೂಗಿದ್ದೇ ತಾಳ.

ತಾಲ್ಲೂಕು ಕೇಂದ್ರಗಳ ಕ್ಯಾಸೆಟ್ ಅಂಗಡಿಗಳಲ್ಲಿ ಇನ್ನೊಂದು ವ್ಯವಹಾರ ನಡೆಯುತ್ತಿತ್ತು. ಖಾಲಿ ಕ್ಯಾಸೆಟ್ ಒಂದನ್ನೂ ಹಾಡುಗಳ ಪಟ್ಟಿಯನ್ನೂ ಕೊಟ್ಟು ಬಂದರೆ ಎರಡು ದಿನದಲ್ಲಿ ತುಂಬಿಸಿ ಕೊಡುತ್ತಿದ್ದರು. ಕಾನೂನಿನ ಪ್ರಕಾರ ತಪ್ಪು, ಆದರೆ ಆಗ ಕೇಳುವವರಾರು? ಅರುವತ್ತು ನಿಮಿಷಕ್ಕೆ ಹನ್ನೆರಡು ಹಾಡು ಹಿಡಿಸಬೇಕು. ಯಾವುದನ್ನು ಬಿಡಬೇಕು, ಯಾವುದು ಮೊದಲು, ಪಕ್ಕ ತಿರುಗಿಸಿದಾಗ ಯಾವುದು ಬರಬೇಕು ಎಂದು ಲೆಕ್ಕ ಹಾಕಿ ಬರೆದ ಆ ಪಟ್ಟಿ, ಬರೆದವರ ಮನಸ್ಸಿನ ಪಂಚಾಂಗ. ತಂಗಿಯ ಮದುವೆಗೆಂದು ತುಂಬಿಸಿದ ಕ್ಯಾಸೆಟ್, ಪರ ಊರಿಗೆ ಹೊರಟ ಗೆಳೆಯನಿಗೆ ಕೊಟ್ಟ ಕ್ಯಾಸೆಟ್. ಇಲ್ಲಿ ಕಾರಣವನ್ನು ಹೇಳುವುದು ಹಾಡುಗಳ ಅನುಕ್ರಮ.

1990ರ ದಶಕದಲ್ಲಿ ಹಾಸನದಲ್ಲೇ ಆಕಾಶವಾಣಿ ಕೇಂದ್ರ ಬಂದು, ಫೋನ್ ಮಾಡಿ ಹಾಡು ಕೇಳುವ ಪದ್ಧತಿಯೂ ಬೆಳೆದ ಮೇಲೆ ‘ಯಾಕೆ’ ಎಂಬ ಪ್ರಶ್ನೆ ಮೊದಲ ಸಲ ಬಾಯಿಬಿಟ್ಟು ಕೇಳಿಬಂತು. ಎಲ್ಲಿಂದ ಮಾತಾಡ್ತಿದ್ದೀರಿ, ಮಳೆ ಹೇಗಿದೆ, ಊಟ ಆಯಿತೇ ಎಂದೆಲ್ಲ ವಿಚಾರಿಸಿದ ಮೇಲೆ ಉದ್ಘೋಷಕರು ‘ಈ ಹಾಡು ಯಾಕೆ ಇಷ್ಟ’ ಎನ್ನುತ್ತಾರೆ. ‘ಚೆನ್ನಾಗಿದೆ ಸಾರ್, ಅದಕ್ಕೇ’ ಎಂಬುದು ಸಾಮಾನ್ಯ ಉತ್ತರ. ನಗುವ ಮಾತಲ್ಲ ಇದು. ಇಡೀ ಜಿಲ್ಲೆ ಕೇಳಿಸಿಕೊಳ್ಳುವಾಗ ನಿಜವಾದ ಕಾರಣ ಹೇಳುವವರು ಯಾರು? ‘ಅದಕ್ಕೇ’ ಎಂದ ಮೇಲೆ ಒಂದು ಕ್ಷಣ ಸುಮ್ಮನಾಗುತ್ತಾರಲ್ಲ, ಅದನ್ನು ಆಲಿಸಬಲ್ಲ ಉದ್ಘೋಷಕ ಮುಂದಿನ ಪ್ರಶ್ನೆ ಕೇಳದೆ ಹಾಡು ಹಾಕುತ್ತಾನೆ.

ಈಗ ಹಾಡು ಮೊಬೈಲಿನಲ್ಲಿದೆ, ಒಬ್ಬೊಬ್ಬರ ಕಿವಿಗೆ ಒಂದೊಂದು ತಂತಿ. ಯಾವ ಹಾಡನ್ನು ಎಷ್ಟು ಸಲ ಕೇಳಿದಿರಿ, ಎಲ್ಲಿಗೆ ನಿಲ್ಲಿಸಿದಿರಿ ಎಂಬ ಲೆಕ್ಕವನ್ನು ಯಂತ್ರವೇ ಇಡುತ್ತದೆ. ಮುಂದೆ ಏನು ಕೇಳಬೇಕು ಎಂದು ತಾನೇ ಸೂಚಿಸುತ್ತದೆ. ಬೇಡುವ ಕೆಲಸ ಹೀಗೆ ತಪ್ಪಿಹೋಯಿತು. ಬೇಡದೆ ಸಿಕ್ಕ ಹಾಡಿಗೆ ಕಾರಣವನ್ನೂ ಯಾರೂ ಕೇಳುವುದಿಲ್ಲ. ಬೀಸುಕಲ್ಲಿನ ಆಚೆ ಯಾರೂ ಕುಳಿತಿಲ್ಲ. ಕೇಳುಗರಿಗೆ ಆಗಿರುವ ನಷ್ಟ ಇದು, ಹಾಡಿನ ಗುಣಮಟ್ಟ ಇಳಿಯಿತು ಎಂಬ ಹಳೆಯ ಗೊಣಗಾಟಕ್ಕಿಂತ ದೊಡ್ಡದು.

ಹಾಗೆಂದು ಎಲ್ಲ ಮುಗಿದಿಲ್ಲ. ರುದ್ರಪಟ್ಟಣದಲ್ಲಿ ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಶ್ರಮದಿಂದ ತಂಬೂರಿ ಆಕಾರದ ಸಪ್ತಸ್ವರ ದೇವತಾ ಧ್ಯಾನ ಮಂದಿರವೇ ಎದ್ದಿದೆ. ಸಂಗೀತೋತ್ಸವಕ್ಕೆ ಹೊರಗಿನಿಂದ ಬಂದವರು ಊರಿನವರ ಜತೆ ಕುಳಿತು ಕೇಳುತ್ತಾರೆ. ಇತ್ತ ಕಟ್ಟಾಯದ ಬಸ್ ನಿಲ್ದಾಣದಂಥ ಜಾಗದಲ್ಲಿ ನಿಂತ ಹುಡುಗನೊಬ್ಬ ವಾಟ್ಸಾಪ್ ಸ್ಟೇಟಸ್ಸಿಗೆ ಅರ್ಧ ನಿಮಿಷದ ಹಾಡಿನ ತುಣುಕು ಹಾಕುತ್ತಾನೆ. ಮೇಲೆ ಒಂದು ಮಾತಿಲ್ಲ, ಕೆಳಗೆ ಒಂದು ಹೆಸರಿಲ್ಲ. ನೂರು ಜನ ನೋಡಬಹುದು, ಹಾಕಿದ್ದು ಒಬ್ಬರಿಗೆ. ಆಮೇಲೆ ಬಸ್ಸು ಬರುವತನಕ ಅವನು ಗಳಿಗೆಗೊಮ್ಮೆ ಮೊಬೈಲು ತೆಗೆದು, ನೋಡಿದವರ ಹೆಸರುಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದುತ್ತಾನೆ.